ಭಾಷಣಕ್ಕೆ ಹೊರಟ ತಂಗಿಗೆ ಹೇಳದ ಸುದ್ದಿ

ಬಸ್ಸು ಹತ್ತುವ ಮುಂಚೆ ತಂಗಿಗೆ ಒಂದು ಮಾತು ಹೇಳಬೇಕಿತ್ತು, ನಾನು ಹೇಳಲಿಲ್ಲ. ಆಮೇಲೆ ಅವಳಾಗಿ ಕೇಳಿದಾಗ ಸುಳ್ಳು ಹೇಳಿದೆ. ಎರಡರಲ್ಲಿ ಯಾವುದು ದೊಡ್ಡ ತಪ್ಪು ಎಂದು ಈಗಲೂ ನನಗೆ ಬಗೆಹರಿದಿಲ್ಲ.

ತಂಗಿ ಹುಟ್ಟಿದ ವರ್ಷವೇ ನಾವು ಗುಂಡ್ಲುಪೇಟೆ ಕಡೆಯಿಂದ ಬೆಟ್ಟ ಹತ್ತಿ ಬಂದು, ಊಟಿ ಬಳಿಯ ತುಮ್ಮನಟ್ಟಿಯ ಹತ್ತಿರ ಗುತ್ತಿಗೆ ಜಮೀನಿನಲ್ಲಿ ಕ್ಯಾರೆಟ್ಟು ಬೆಳೆಯತೊಡಗಿದ್ದು. ನನ್ನ ಕನ್ನಡ ಶಾಲೆ ನಾಲ್ಕನೇ ಕ್ಲಾಸಿಗೆ ಅಲ್ಲೇ ಉಳಿಯಿತು. ಅವ್ವ ಹೊಲಕ್ಕೆ ಹೋದರೆ ಮಗುವನ್ನು ಎತ್ತಿಕೊಳ್ಳುವವರು ಬೇಕಿತ್ತು. ತಂಗಿ ಮಾತ್ರ ಇಲ್ಲಿನ ತಮಿಳು ಶಾಲೆಯಲ್ಲಿ ಚೆನ್ನಾಗಿ ಓದಿದಳು.

ಒಂಬತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳ ಬಾಯಲ್ಲಿ ಒಬ್ಬಳದೇ ಜಪ. ನಮ್ಮ ದೇಶದಲ್ಲಿ ಹುಟ್ಟಿ ಬಾಹ್ಯಾಕಾಶಕ್ಕೆ ಹೋದ ಮೊದಲ ಹೆಣ್ಣು. ಕ್ಯಾರೆಟ್ಟಿನ ಸೊಪ್ಪು ಮುರಿಯುತ್ತ ಅವಳ ಕಥೆ ಹೇಳುವಳು: ಉತ್ತರದ ಸಣ್ಣ ಊರಲ್ಲಿ ಹುಟ್ಟಿದ್ದು, ವಿಮಾನದ ಎಂಜಿನಿಯರಿಂಗೇ ಬೇಕೆಂದು ಹಟ ಹಿಡಿದು ಓದಿದ್ದು, ಅಮೆರಿಕಕ್ಕೆ ಹೋಗಿದ್ದು, ಅಲ್ಲಿಂದ ಮೇಲಕ್ಕೆ ಹೋಗಿ ಬಂದದ್ದು. ಈಗ ಎರಡನೇ ಸಲ ಹೋಗಿದ್ದಾಳೆ ಎಂದಾಗ ನಾನು ಕೇಳಿದೆ.

“ಒಂದ್ಸಲ ನೋಡ್ಕೊಂಡ್ ಬಂದಾಯ್ತಲ್ಲ. ಮತ್ತೇನು ಇಟ್ಬುಟ್ ಬಂದವ್ಳೆ ಅಲ್ಲಿ?”

“ನೀನು ದಿನಾ ಅದೇ ಹೊಲಕ್ಕೆ ಹೋಯ್ತೀಯಲ್ಲಕ್ಕ, ನೀನೇನು ಇಟ್ಟಿದ್ದೀಯ?”

ಊಟಿಯಲ್ಲಿ ಒಂದು ಭಾನುವಾರ ಶಾಲಾಮಕ್ಕಳಿಗೆ ಭಾಷಣ ಸ್ಪರ್ಧೆ ಇತ್ತು. ತಂಗಿ ಆ ಗಗನಯಾತ್ರಿಯ ಬಗ್ಗೆಯೇ ಮಾತಾಡುವವಳಿದ್ದಳು. ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಬೆಳಿಗ್ಗೆ ನಾನು ಮುಂದಾಗಿ ಹೊರಟು, ಬಸ್ ನಿಲ್ಲುವಲ್ಲಿ ಟೀ ಅಂಗಡಿ ಇಟ್ಟಿದ್ದ ಮಲಯಾಳಿ ಕಾಕನಿಗೆ ಹಾಲು ಕೊಟ್ಟೆ. ಕಾಕ ರೇಡಿಯೋದ ಸದ್ದು ತಗ್ಗಿಸಿದ.

“ನಿನ್ನ ತಂಗಿ ದಿನಾ ಹೇಳ್ತಾಳಲ್ಲ, ಆ ಹೆಣ್ಣು ಹೋಗಿಬಿಡ್ತಮ್ಮ. ಕೆಳಗೆ ಇಳೀವಾಗ ವಂಡಿ ಆಕಾಶದಲ್ಲೇ ಒಡೆದು ಹೋಯ್ತಂತೆ. ಅದರಲ್ಲಿದ್ದ ಏಳು ಜನಾನೂ ಇಲ್ಲ.”

ಅಷ್ಟರಲ್ಲಿ ತಂಗಿ ಎರಡು ಜಡೆಗೂ ರಿಬ್ಬನ್ ಕಟ್ಟಿಕೊಂಡು ಬಂದೇಬಿಟ್ಟಳು. ಕಾಕ ಬಾಯಿ ತೆರೆದ. ನಾನು ಬೇಡವೆಂದು ಕಣ್ಣು ಮಾಡಿದೆ.

ನಮ್ಮ ಮನೆಯಲ್ಲಿ, ಹೊರಟು ನಿಂತವರಿಗೆ ಸಾವಿನ ಸುದ್ದಿ ಹೇಳುವುದಿಲ್ಲ. ಹೋದ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಉಂಡ ಮೇಲೆ ಹೇಳುತ್ತಾರೆ. ಅಜ್ಜಿ ಸತ್ತ ದಿನ ಅಪ್ಪನಿಗೂ ಹಾಗೆಯೇ, ಕ್ಯಾರೆಟ್ಟು ಮಂಡಿಗೆ ಹಾಕಿ ಬಂದ ಮೇಲೆ ಹೇಳಿದ್ದರು. ಆದರೆ ಅದು ಮನೆಯವರ ಸಾವಿಗಲ್ಲವೆ? ಮುಖವನ್ನೇ ಕಾಣದ ಹೆಣ್ಣು ನಮಗೆ ಮನೆಯವಳಾಗಿದ್ದಳೇ? ಬಸ್ಸಿನಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ.

“ನೀನ್ಯಾಕೆ ಹಿಂಗೆ ಬಿಗ್ಕೊಂಡ್ ಕೂತಿದ್ದೀಯ? ಭಾಷಣ ಮಾಡೋಳು ನಾನು!” ಎಂದು ತಂಗಿ ನಕ್ಕಳು.

ಊಟಿಯ ಹಾಲ್‌ನಲ್ಲಿ ಮೂರನೆಯವಳಾಗಿ ಅವಳನ್ನು ಕರೆದರು. ತಡವರಿಸದೆ ಮಾತಾಡಿದಳು. ನನಗೆ ತಮಿಳು ಓದಲು ಬಾರದು, ಕೇಳಿದರೆ ಎಲ್ಲ ತಿಳಿಯುತ್ತದೆ. “ನಿನ್ನೆ ಅವರು ಭೂಮಿಗೆ ಇಳಿದಿದ್ದಾರೆ. ಈಗ ಮನೆಯವರ ಜೊತೆ ಕೂತು ಊಟ ಮಾಡುತ್ತಿರಬಹುದು” ಎಂದು ಮುಗಿಸಿದಳು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ತೀರ್ಪುಗಾರರಲ್ಲಿ ಒಬ್ಬ ಹೆಂಗಸು ಎದ್ದು ವೇದಿಕೆಯ ಹತ್ತಿರ ಹೋಗಿ ಮೆಲ್ಲಗೆ ಸುದ್ದಿ ಹೇಳಿದರು. ತಂಗಿ ಮೈಕು ಬಿಡದೆ, “ಇಲ್ಲ ಮಿಸ್, ಇಲ್ಲ” ಎನ್ನುತ್ತಲೇ ಇದ್ದಳು. ಅದು ಹಾಲ್‌ಗೆಲ್ಲ ಕೇಳಿಸುತ್ತಿತ್ತು.

ಹೊರಗೆ ಬಂದು ನನ್ನ ಮುಖ ನೋಡಿದಳು.

“ಅಕ್ಕ, ನಿಂಗೆ ಗೊತ್ತಿತ್ತಾ?”

“ನಂಗೆಲ್ಲಿ ಗೊತ್ತಾಯ್ತದೆ? ಪೇಪರ್ ಓದಕ್ಕೆ ಬತ್ತದಾ ನಂಗೆ?”

ಓದಿಲ್ಲದಿರುವುದು ಅವತ್ತೊಂದು ದಿನ ನನಗೆ ಉಪಯೋಗಕ್ಕೆ ಬಂತು. ತಂಗಿ ನನ್ನ ಕೈ ಹಿಡಿದು, “ಬುಡಕ್ಕ, ಗೊತ್ತಿದ್ರೆ ನೀನು ಹೇಳ್ದೆ ಇರ್ತಿದ್ಯಾ?” ಎಂದಳು. ಸಮಾಧಾನ ಹೇಳಬೇಕಾದವಳು ನಾನು. ಹೇಳಿಸಿಕೊಂಡೆ.

ನಾನು ಪಾಲಿಸಿದ್ದು ರೂಢಿಯನ್ನಷ್ಟೆಯೋ, ಅಥವಾ ಎಲ್ಲ ಬಲ್ಲ ತಂಗಿ ಒಂದು ದಿನವಾದರೂ ನನ್ನ ಹಾಗೆ ಏನೂ ತಿಳಿಯದೆ ನಿಲ್ಲಲಿ ಎಂಬ ಆಸೆ ಎಲ್ಲಾದರೂ ಇತ್ತೇ? ಇತ್ತು ಎಂದುಕೊಳ್ಳಲು ಮನಸ್ಸು ಒಪ್ಪುವುದಿಲ್ಲ. ಇರಲಿಲ್ಲ ಎನ್ನಲು ಧೈರ್ಯವಿಲ್ಲ.

ತಂಗಿ ಓದು ಬಿಡಲಿಲ್ಲ. ಗೂಡಲೂರಿನಲ್ಲಿ ವಿಜ್ಞಾನದ ಟೀಚರ್ ಆದಳು. ಕೆಲವು ವರ್ಷಗಳ ಮೇಲೆ ಅವಳ ಬಾಡಿಗೆ ಮನೆಗೆ ಹೋಗಿದ್ದೆ. ಮಕ್ಕಳ ನೋಟ್‌ಬುಕ್ ತಿದ್ದುತ್ತ, ಶಾಲೆಯ ಸಮಾರಂಭದಲ್ಲಿ ಮಾತಾಡು ಎಂದು ಕೇಳಿದವರಿಗೆ ಒಲ್ಲೆನೆಂದು ಹೇಳಿ ಬಂದೆ ಎಂದಳು.

“ಸ್ಟೇಜು ಅಂದ್ರೆ ಈಗ್ಲೂ ಹೆದ್ರಿಕೆ ಆಯ್ತದೆ ಕನಕ್ಕ. ಅವತ್ತು ಆ ಊರಲ್ಲಿ ಯಾರಾದ್ರೂ ಒಬ್ರು ನಂಗೆ ಮೊದ್ಲೇ ಹೇಳಿದ್ರೆ…”

ನನಗೆ ಕೂರಲಾಗಲಿಲ್ಲ. ಎದ್ದು ನಿಂತೇ ಹೇಳಿದೆ.

“ನಂಗೆ ಗೊತ್ತಿತ್ತು ಕನವ್ವ. ಬಸ್ ಹತ್ತೋಕ್ ಮುಂಚೇನೆ ಕಾಕ ಹೇಳಿದ್ದ. ನಿಂಗೆ ಹೇಳ್ಲಿಲ್ಲ, ಕೇಳ್ದಾಗ ಸುಳ್ಳಾಡ್ದೆ. ಯಾಕೆ ಅಂತ ನಂಗೇ ತಿಳೀದು. ತಪ್ಪಾಯ್ತು, ನಂದೇ ತಪ್ಪು.”