ಗಡಿಯಾರಕ್ಕೆ ಸಂಜೆ ಹೇಳುವವರು

ಬೀದಿದೀಪಗಳು ಹಗಲೂ ಉರಿದು ಕರೆಂಟ್ ಹಾಳಾಗುತ್ತಿದೆ ಎಂದು, ಎಂಬತ್ತರ ದಶಕದಲ್ಲೊಮ್ಮೆ, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಡಿಜಿಟಲ್ ಟೈಮರ್ ಕೂರಿಸಲು ನಮ್ಮ ಕಂಪನಿಯವರು ನನ್ನನ್ನು ಕಳಿಸಿದ್ದರು. ಅಲ್ಲಿಯವರೆಗೆ ದಿನಾ ಸ್ವಿಚ್ ಹಾಕಿ ತೆಗೆಯುತ್ತಿದ್ದವರು ಖಾದರ್ ಸಾಬರು. ಅವರು ಸಿರುಗುಪ್ಪದ ಮಗಳ ಮನೆಗೆ ಹೋದರೆ, ಬರುವ ತನಕ ದೀಪ ಉರಿಯುತ್ತಲೇ ಇರುತ್ತಿತ್ತು.

ಟೈಮರಿನ ಕೆಂಪು ಅಂಕಿ ತೋರಿಸಿ, "ಇನ್ನು ನೀವು ಆರಾಮಾಗಿರಿ" ಎಂದೆ.

"ಆತು ಬಿಡ್ರಿ" ಎಂದರು.

ಕೆಲವೇ ದಿನಕ್ಕೆ ಮತ್ತೆ ಕರೆ ಬಂತು. ಹೋಗಿ ನೋಡಿದರೆ ಸುಡುಬಿಸಿಲಲ್ಲಿ ದೀಪಗಳೆಲ್ಲ ಉರಿಯುತ್ತಿವೆ. ಕರೆಂಟ್ ಹೋದಾಗಲೆಲ್ಲ ಟೈಮರ್ ನಿಂತುಬಿಡುತ್ತಿತ್ತು. ಬಂದ ಮೇಲೆ ನಿಂತಲ್ಲಿಂದಲೇ ಓಡುತ್ತಿತ್ತು. ಆ ಬೇಸಿಗೆಯಲ್ಲಿ ಕರೆಂಟ್ ಹೋಗದ ದಿನವೇ ಇರಲಿಲ್ಲ. ಊರಿಗೆ ಮಧ್ಯಾಹ್ನವಾದರೂ ಅದಕ್ಕಿನ್ನೂ ನಸುಕು.

ತೆಗೆದುಬಿಡೋಣವೆಂದರೆ ಅಲ್ಲಿನ ನಗರಸಭೆಯ ಸಾಹೇಬರು ಒಪ್ಪಲಿಲ್ಲ. "ಕಾಯಿ ಒಡದು, ಹಾರ ಹಾಕಿ ಚಾಲೂ ಮಾಡಿದ ಮಷೀನ್ ಹೆಂಗ ತೆಗೀತೀರಿ? ಸಾಬ್ರೆ, ದಿನಾ ಸಂಜಿಗೆ ಬಂದು ಅದರ ಟೈಮ್ ಸರಿ ಮಾಡ್ರಿ."

ಸಾಬರು ನನ್ನ ಕಡೆ ತಿರುಗಿದರು. "ಮೊದಲೆಲ್ಲ ಸಂಜಿ ಆತಂದ್ರ ನಾನ ದೀಪ ಹಚ್ಚತಿದ್ದೆ. ಈಗ ಸಂಜಿ ಆತು ಅಂತ ಇದಕ್ಕ ಹೇಳಿ, ಇದು ಹಚ್ಚೋತನಕ ನಿಂದರಬೇಕೇನ್ರಿ?"

ಹೌದೆಂದೆ.

ಅವರ ಬಳಿ ಕೈಗಡಿಯಾರವಿರಲಿಲ್ಲ. ಮಸೀದಿಯಲ್ಲಿ ಸಂಜೆಯ ಆಜಾನ್ ಕೇಳಿದೊಡನೆ ಟೈಮರಿನ ಗುಂಡಿ ಒತ್ತಿ, ಅದಕ್ಕೂ ಸಂಜೆ ಮಾಡುತ್ತಿದ್ದರು. ಆಮೇಲೆ ದೀಪ ಸರಿಯಾದ ಹೊತ್ತಿಗೆ ಹತ್ತಿ, ಸರಿಯಾದ ಹೊತ್ತಿಗೆ ಆರತೊಡಗಿತು. ನಮ್ಮ ಕಂಪನಿಯವರು ಬಂದವರಿಗೆಲ್ಲ ಹೆಮ್ಮೆಯಿಂದ ಟೈಮರ್ ತೋರಿಸುತ್ತಿದ್ದರು. ಅದು ಕೆಲಸ ತಪ್ಪಿಸಿದ್ದೇ ಇಲ್ಲ, ಸಾಬರು ಸಿರುಗುಪ್ಪಕ್ಕೆ ಹೋದ ದಿನ ಬಿಟ್ಟರೆ.