ಅಕ್ಕ ಸುಡದ ಗ್ರಾಫಿಕ್ಸ್ ಕಾರ್ಡು

ನಮ್ಮ ಮನೆಯಲ್ಲಿ ಈ ಕತೆಯನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: ಅಕ್ಕ ಹೊಸ ಗ್ರಾಫಿಕ್ಸ್ ಕಾರ್ಡು ಹಾಕಲು ಹೋಗಿ ಸ್ಟುಡಿಯೊದ ಕಂಪ್ಯೂಟರ್ ಸುಟ್ಟಳು. ಸೋದರಮಾವ ಹೀಗೇ ಹೇಳುತ್ತಾನೆ, ಸ್ಟುಡಿಯೊದ ಪಕ್ಕದ ಬಟ್ಟೆ ಅಂಗಡಿಯವರೂ ಹೀಗೇ ಹೇಳುತ್ತಾರೆ. ನನ್ನ ತಕರಾರು ಇರುವುದು ಈ ಸಾಲಿನ ಮೇಲೆ. ಕಾರ್ಡು ಹಾಕಿದ್ದು ಅಕ್ಕ, ಖರೆ. ಕಂಪ್ಯೂಟರ್ ಸುಟ್ಟದ್ದೂ ಖರೆ. ಆದರೆ ಎರಡು ನಿಜಗಳನ್ನು ಪಕ್ಕಪಕ್ಕ ಇಟ್ಟ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ನಡುವೆ ಇನ್ನಿಬ್ಬರಿದ್ದೆವು. ಒಬ್ಬ ಅಪ್ಪ, ಇನ್ನೊಬ್ಬ ನಾನು.

ಲಕ್ಷ್ಮೇಶ್ವರದ ಬಜಾರಿನಲ್ಲಿ ಅಪ್ಪನ ಫೋಟೊ ಸ್ಟುಡಿಯೊ. ಶಿರಹಟ್ಟಿ, ಮುಂಡರಗಿ ಕಡೆಯ ಮದುವೆಗಳ ವಿಡಿಯೊ ತೆಗೆಯುತ್ತಿದ್ದ. ಗದಗ ಬೇರೆ ಜಿಲ್ಲೆಯಾಗಿ ಎಷ್ಟೋ ವರ್ಷವಾಗಿದ್ದರೂ ತೆಗೆದ ವಿಡಿಯೊ ಮಿಕ್ಸಿಂಗಿಗೆ ಹುಬ್ಬಳ್ಳಿಗೇ ಹೋಗಬೇಕಾಗಿತ್ತು. ಅಲ್ಲಿ ಯಾರೋ ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕಳಿಸುತ್ತಿದ್ದರು. ಒಮ್ಮೆ ಒಬ್ಬ ಅಜ್ಜಿ ಮೊಮ್ಮಗಳ ಮೇಲೆ ಅಕ್ಕಿಕಾಳು ಹಾಕುವ ದೃಶ್ಯವನ್ನೇ ಕತ್ತರಿಸಿಬಿಟ್ಟಿದ್ದರು. ಡಿವಿಡಿ ಬರುವಷ್ಟರಲ್ಲಿ ಆ ಅಜ್ಜಿ ಇರಲಿಲ್ಲ. ಆ ಮನೆಯವರು ಬಂದು, ಜಗಳವನ್ನೂ ಮಾಡದೆ, ಸ್ವಲ್ಪ ಹೊತ್ತು ಕುಳಿತು ಎದ್ದು ಹೋದರು. ಅಕ್ಕ ಮಿಕ್ಸಿಂಗ್ ಕಲಿಯತೊಡಗಿದ್ದು ಆಮೇಲೆ.

ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಹತ್ತು ನಿಮಿಷದ ವಿಡಿಯೊ ತಯಾರಾಗಲು ಅರ್ಧ ದಿನ ಹಿಡಿಯುತ್ತಿತ್ತು. ಅಕ್ಕ ವರ್ಷಗಟ್ಟಲೆ ಅಪ್ಪನ ಬೆನ್ನು ಹತ್ತಿ ಎರಡು ಸಾಮಾನು ಕೇಳಿದಳು: ಒಂದು ಗ್ರಾಫಿಕ್ಸ್ ಕಾರ್ಡು, ಮತ್ತೆ ಅದಕ್ಕೆ ಸಾಕಾಗುವಷ್ಟು ಕರೆಂಟು ಕೊಡುವ ಪವರ್ ಸಪ್ಲೈ. ಅಪ್ಪ ಒಂದು ಷರತ್ತಿನ ಮೇಲೆ ಒಪ್ಪಿದ. ಶಿರಹಟ್ಟಿಯ ಒಂದು ಮದುವೆಯ ಮಿಕ್ಸಿಂಗನ್ನು ಪೂರ್ತಿ ಅವಳೇ ಮಾಡಿ ತೋರಿಸಬೇಕು. ಸರಿಬಂದರೆ ಮಿಕ್ಸಿಂಗ್ ಇನ್ನು ಅವಳದು. ಇಲ್ಲವಾದರೆ ಮತ್ತೆ ಹುಬ್ಬಳ್ಳಿ.

ಗದಗದ ಅಂಗಡಿಯಲ್ಲಿ ಕಾರ್ಡು ಸಿಕ್ಕಿತು. ಸಪ್ಲೈ ಬರುವುದು ಎರಡು ದಿನ ತಡ, ಬಸ್ಸಿಗೆ ಹಾಕಿ ಕಳಿಸುತ್ತೇವೆ ಎಂದರು. ಮರುದಿನವೇ ಅಮಾವಾಸ್ಯೆ. ಅಮಾವಾಸ್ಯೆಗೆ ಕ್ಯಾಮೆರಾಗಳಿಗೆಲ್ಲ ಕುಂಕುಮ ಹಚ್ಚಿ ಕಾಯಿ ಒಡೆಯುವುದು ಸ್ಟುಡಿಯೊದ ಪದ್ಧತಿ. ಹೊಸ ಸಾಮಾನು ಚಾಲೂ ಆಗುವುದೂ ಅಂದೇ. ಕಾರ್ಡನ್ನು ಇನ್ನೊಂದು ತಿಂಗಳು ಡಬ್ಬಿಯಲ್ಲಿಡಲು ಅಪ್ಪ ತಯಾರಿರಲಿಲ್ಲ.

ಹಾಗಾದರೆ ಹಳೆಯ ಸಪ್ಲೈಗೇ ಕೂಡಿಸಬಹುದೇ? ಅಕ್ಕ ಬೇಡವೆಂದಳು. ಆಗ ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ, ಯಾರು ಏನೇ ಹೇಳಲಿ ಪುರಾವೆ ಕೇಳುವ ಚಟ ಹತ್ತಿತ್ತು. ಸಪ್ಲೈ ಮೇಲಿನ ಚೀಟಿಯಲ್ಲಿ ನಾನೂರೈವತ್ತು ವ್ಯಾಟ್ ಎಂದಿತ್ತು. ಕಾರ್ಡಿನ ಡಬ್ಬಿಯ ಮೇಲೆ ನಾನೂರು ಸಾಕು ಎಂದಿತ್ತು. ಹಳೆಯ ಸಪ್ಲೈಗೆ ಕೂಡಿಸುವ ವೈರನ್ನೂ ಕಂಪನಿಯವರು ಅದೇ ಡಬ್ಬಿಯಲ್ಲಿ ಇಟ್ಟಿದ್ದರು. ಕೂಡಿಸಬಾರದು ಅಂತಿದ್ದರೆ ವೈರು ಯಾಕೆ ಕೊಟ್ಟರು ಎಂದು ಕೇಳಿದೆ.

“ಚೀಟಿ ಓದಬ್ಯಾಡಲೇ, ಕೈಯಾಗ ಹಿಡದು ನೋಡು,” ಎಂದಳು ಅಕ್ಕ. “ಎಷ್ಟ ಹಗುರ ಐತಿ. ಒಳಗ ಏನೂ ಇಲ್ಲ. ಅಷ್ಟು ಕರೆಂಟು ಇದು ಕೊಡೂದಿಲ್ಲ.”

“ತೂಕ ಮಾಡಿ ಕರೆಂಟು ಅಳಿಯಾಕ ಇದೇನು ಕಾಯಿಪಲ್ಲೆ ಸಂತಿ ಏನಬೇ?” ಎಂದೆ. ಅಪ್ಪ ನಕ್ಕುಬಿಟ್ಟ. ನಕ್ಕವರು ಯಾರ ಕಡೆಗೆ ತೀರ್ಪು ಕೊಡುತ್ತಾರೆಂಬುದು ನನಗೆ ಸ್ಪರ್ಧೆಗಳ ವೇದಿಕೆಯಿಂದ ಗೊತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಅಕ್ಕ ಕಾರ್ಡು ಜೋಡಿಸಿದಳು. ಅದಕ್ಕೂ ಮೊದಲು ಶಿರಹಟ್ಟಿಯ ಮದುವೆಯ ವಿಡಿಯೊ ಇದ್ದ ಎರಡನೇ ಹಾರ್ಡ್ ಡಿಸ್ಕನ್ನು ಕಂಪ್ಯೂಟರಿನಿಂದ ಬಿಚ್ಚಿ ತನ್ನ ಚೀಲದಲ್ಲಿ ಹಾಕಿಕೊಂಡಿದ್ದಳು. ಅದನ್ನು ನಾವು ನೋಡಲಿಲ್ಲ. ಅಪ್ಪ ಕಾಯಿ ಒಡೆದು ಬಟನ್ ಒತ್ತಿದ. ಫ್ಯಾನು ತಿರುಗಿತು, ಪರದೆ ಬೆಳಗಿತು.

“ಪದ್ಧತಿ ಮುಗೀತಲ್ಲಪಾ,” ಎಂದಳು ಅಕ್ಕ. “ಇನ್ನ ಬಂದ್ ಮಾಡೂಣು. ಸಪ್ಲೈ ಬರಲಿ.”

ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಅಪ್ಪನ ಅಮಾವಾಸ್ಯೆಯೂ ಉಳಿಯುತ್ತಿತ್ತು, ಅವಳ ಯಂತ್ರವೂ ಉಳಿಯುತ್ತಿತ್ತು. ನಿಲ್ಲಿಸಲು ಬಿಡದವನು ನಾನು. ಚಾಲೂ ಆಗುವುದು ಬೇರೆ, ಕೆಲಸ ಮಾಡುವುದು ಬೇರೆ ಎಂದೆ. ಒಂದು ವಿಡಿಯೊ ಆದರೂ ತಯಾರಿಸದೆ ಬಂದ್ ಮಾಡಿದರೆ ಪರೀಕ್ಷೆಗೆ ಹೆದರಿ ಓಡಿದ ಹಾಗೆ ಎಂದೆ. ಅಪ್ಪ ಅಕ್ಕನ ಕಡೆ ತಿರುಗಿ, “ಮಾಡವ್ವಾ, ನೋಡೇಬಿಡೂಣು,” ಎಂದ.

ಅಕ್ಕ ಹಳೆಯದೊಂದು ತೊಟ್ಟಿಲು ಕಾರ್ಯಕ್ರಮದ ವಿಡಿಯೊ ಹಚ್ಚಿದಳು. ಎಷ್ಟು ಕೆಲಸ ಮುಗಿಯಿತೆಂದು ತೋರಿಸುವ ಗೆರೆ ಎಂದೂ ಇಲ್ಲದ ವೇಗದಲ್ಲಿ ಓಡಿತು. ನಾನು ಗೆದ್ದವನ ಹಾಗೆ ಅವಳ ಮುಖ ನೋಡಿದೆ. ಅವಳು ಗೆರೆ ನೋಡುತ್ತಿರಲಿಲ್ಲ, ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದು ಬಿಸಿ ನೋಡುತ್ತಿದ್ದಳು. ಗೆರೆ ಅರ್ಧ ದಾಟಿದಾಗ ಟಪ್ ಎಂದಿತು. ಊದಿನಕಡ್ಡಿಯ ವಾಸನೆಯೊಳಗೆ ಸುಟ್ಟ ವೈರಿನ ವಾಸನೆ ಸೇರಿತು. ಸಪ್ಲೈ ಹೋಗುವಾಗ ಮದರ್‌ಬೋರ್ಡನ್ನೂ ಹೊಸ ಕಾರ್ಡನ್ನೂ ತನ್ನ ಜೊತೆ ಒಯ್ದಿತ್ತು.

ಬಟ್ಟೆ ಅಂಗಡಿಯವರು ಬಂದು ಯಾರು ಜೋಡಿಸಿದ್ದು ಎಂದು ಕೇಳಿದರು.

“ಹುಡುಗಿ ಜೋಡಿಸಿದ್ಲರಿ,” ಎಂದ ಅಪ್ಪ.

ಅದು ಸುಳ್ಳಲ್ಲ. ಆದರೆ ಅಷ್ಟೇ ಮಾತು ಬಜಾರೆಲ್ಲ ಹಬ್ಬಿತು. ಊರಲ್ಲಿ ಯಾವ ವಿಷಯಕ್ಕೂ ಸುಮ್ಮನಿರದ ನಾನು ಅದನ್ನು ತಿದ್ದಲು ಹೋಗಲಿಲ್ಲ. ಸಂಜೆ ಅವಳು ಚೀಲದಿಂದ ಹಾರ್ಡ್ ಡಿಸ್ಕ್ ತೆಗೆದಾಗ, ಮದುವೆ ಉಳಿಯಿತಲ್ಲ ಎಂದು ಯಾರಿಗೂ ಅನಿಸಲಿಲ್ಲ. ಸುಡುತ್ತದೆಂದು ಗೊತ್ತಿದ್ದೂ ಹಚ್ಚಿದಳು ಎಂದ ಸೋದರಮಾವ. ಅವಳ ಪರವಾಗಿದ್ದ ಒಂದೇ ಸಾಕ್ಷಿ ಅವಳಿಗೇ ತಿರುಗಿಬಿತ್ತು.

ಎರಡು ದಿನದ ನಂತರ ಸಪ್ಲೈ ಬಂತು. ತರಲು ಬಸ್ ಸ್ಟ್ಯಾಂಡಿಗೆ ಹೋದವನು ನಾನು. ಕಂಡಕ್ಟರು ಸೀಟಿನ ಕೆಳಗಿಂದ ಡಬ್ಬಿ ಎಳೆದು ಕೊಟ್ಟ. ಒಂದು ಕೈಯಲ್ಲಿ ತೆಗೆದುಕೊಳ್ಳಲು ಹೋಗಿ ಎರಡನೆಯದನ್ನೂ ಹಚ್ಚಬೇಕಾಯಿತು. ಬಸ್ಸು ಹೋದ ಮೇಲೂ ಅದನ್ನು ಹಾಗೇ ಹಿಡಿದುಕೊಂಡು ನಿಂತಿದ್ದೆ.

ಶಿರಹಟ್ಟಿಯ ಮದುವೆ ಹುಬ್ಬಳ್ಳಿಗೆ ಹೋಯಿತು. ಅಕ್ಕನಿಗೆ ಉಳಿದದ್ದು ಪಾಸ್‌ಪೋರ್ಟ್ ಅಳತೆಯ ಫೋಟೊ ಕತ್ತರಿಸುವ ಕೆಲಸ. ವರ್ಷದೊಳಗೆ ಅದನ್ನೂ ಬಿಟ್ಟು ಮುಂಡರಗಿಯ ಒಂದು ಕಚೇರಿಯಲ್ಲಿ ಟೈಪಿಂಗಿಗೆ ಸೇರಿದಳು. ಆಮೇಲೆ ಅವಳು ಯಾವ ಮದುವೆಯ ವಿಡಿಯೊವನ್ನೂ ಕುಳಿತು ನೋಡಿದ್ದು ನಾನು ಕಾಣೆ.

ಬಹಳ ದಿನ ತಪ್ಪನ್ನೆಲ್ಲ ನನ್ನ ವಾದದ ಮೇಲೇ ಹಾಕಿಕೊಂಡಿದ್ದೆ. ಈಗ ಅದರ ಮೇಲೂ ಸಂಶಯ ಬಂದಿದೆ. ನನ್ನ ಮಾತಿಗೆ ಅಷ್ಟು ಬಲವಿತ್ತೆಂದು ನಂಬುವುದರಲ್ಲೂ ಒಂದು ಸೊಕ್ಕಿದೆ.

ಮೊನ್ನೆ ಸೋದರಮಾವ ಊಟಕ್ಕೆ ಬಂದವನು ಮತ್ತೆ ಅದೇ ಸಾಲು ಹೇಳಿದ. ಅವನು ಹೋದ ಮೇಲೆ ಕಟ್ಟೆಯ ಮೇಲೆ ಅಪ್ಪನ ಪಕ್ಕ ಕುಳಿತು ನಡೆದದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಅಪ್ಪ ರಸ್ತೆ ನೋಡುತ್ತಿದ್ದ. ಆಗ ಕೇಳಿದೆ:

“ಅಪ್ಪಾ, ಅವತ್ತ ನಾ ಬಾಯಿ ಮುಚ್ಚಿಕೊಂಡು ಕುಂತಿದ್ರ, ನೀ ಅಕ್ಕನ ಮಾತು ಕೇಳ್ತಿದ್ದೇನು?”