ಮೈನಸ್ ಆರೂವರೆಯಲ್ಲಿ ಕಂಡ ಹಡಗು

ತುಮಕೂರಿನಲ್ಲಿ ನನ್ನದೊಂದು ಕನ್ನಡಕದ ಅಂಗಡಿ ಇದೆ. ಇಪ್ಪತ್ತು ವರ್ಷಗಳಿಂದ ಊರವರ ಮೂಗಿನ ಮೇಲೆ ಗಾಜು ಕೂರಿಸಿ ಬದುಕುತ್ತಿದ್ದೇನೆ. ನನ್ನ ಕಣ್ಣಿನ ಪವರ್ ಎರಡೂ ಕಡೆ ಮೈನಸ್ ಆರೂವರೆ. ಕನ್ನಡಕ ತೆಗೆದರೆ ಎದುರಿಗಿರುವುದು ಗಿರಾಕಿಯೋ, ಗೋಡೆಗೆ ನೇತುಹಾಕಿದ ಕ್ಯಾಲೆಂಡರೋ ಎನ್ನುವುದು ಅದು ಮಾತಾಡಿದ ಮೇಲೆಯೇ ಗೊತ್ತಾಗುವುದು. ಇಂಥವನು ಸಮುದ್ರದ ತಳದಲ್ಲಿರುವ ಹಡಗು ನೋಡಲು ಹೋದೆ. ಅದೂ ಬರಿಗಣ್ಣಿನಲ್ಲಿ.

ಕರೆದುಕೊಂಡು ಹೋದವನು ನನ್ನ ಹೆಂಡತಿಯ ತಮ್ಮ. ಗುಬ್ಬಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಹೋದ ಚಳಿಗಾಲದಲ್ಲಿ ಅವನು, ನಾನು, ನನ್ನ ಹೆಂಡತಿ ಮೂವರೂ ಗೋವಾಕ್ಕೆ ಹೋದೆವು. ಅಲ್ಲಿ ದಡದಿಂದ ಸ್ವಲ್ಪ ದೂರದಲ್ಲಿ ಬಹಳ ಹಿಂದೆ ಮುಳುಗಿದ ಸರಕು ಹಡಗೊಂದಿದೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಳಿದರೆ ನೋಡಬಹುದು ಎಂದು ಅವನಿಗೆ ಯಾರೋ ಹೇಳಿದ್ದರು. ಆಳವೂ ಹೆಚ್ಚಿಲ್ಲ, ಒಂದು ತೆಂಗಿನಮರದಷ್ಟೂ ಇಲ್ಲ.

‘ಭಾವ, ನಿಮ್ ಕೈಲಾಗುತ್ತಾ? ಆಗಲ್ಲ ಅಂದ್ರೆ ಬುಡಿ, ಬಲವಂತ ಇಲ್ಲ’ ಎಂದ.

ಆ ಮಾತಿನಲ್ಲಿದ್ದ ಕರುಣೆ ನನ್ನನ್ನು ಚುಚ್ಚಿತು. ‘ಏನಂದ್ಕೊಂಡಿದ್ದೀಯಾ? ಕುಣಿಗಲ್ ದೊಡ್ಡಕೆರೇಲಿ ಈಜಿದವ್ನು ಕಣೋ ನಾನು’ ಎಂದೆ. ಕುಣಿಗಲ್ ನನ್ನ ಹುಟ್ಟೂರು ಎನ್ನುವುದು ನಿಜ. ಕೆರೆಗೆ ಇಳಿದದ್ದೂ ನಿಜ, ಮೊಣಕಾಲಿನವರೆಗೆ. ಹೆಂಡತಿ ಕಿಟಕಿಯ ಕಡೆ ತಿರುಗಿ ನಕ್ಕಳು.

ಬೋಟಿನಲ್ಲಿ ಹಡಗಿದ್ದ ಜಾಗಕ್ಕೆ ಹೋದೆವು. ನಮ್ಮನ್ನು ಕೆಳಗಿಳಿಸುವ ತಂಡದಲ್ಲಿ ಕಾರವಾರದ ಕಡೆಯ ಹೆಂಗಸೊಬ್ಬರಿದ್ದರು. ಕನ್ನಡದಲ್ಲೇ ಎಲ್ಲವನ್ನೂ ತಾಳ್ಮೆಯಿಂದ ಹೇಳಿಕೊಟ್ಟರು. ಬಾಯಲ್ಲೇ ಉಸಿರಾಡಬೇಕು, ಎಲ್ಲ ಸರಿಯಿದ್ದರೆ ಬೆರಳಿನಲ್ಲಿ ಸೊನ್ನೆ ಮಾಡಿ ತೋರಿಸಬೇಕು. ಕೊನೆಗೆ ನನ್ನ ಮುಖ ನೋಡಿ, ‘ಸರ್, ಕನ್ನಡಕದ ಮೇಲೆ ಈ ಗಾಜಿನ ಮಾಸ್ಕ್ ಕೂರೋದಿಲ್ಲ. ಪವರ್ ಇರೋ ಮಾಸ್ಕ್ ಇದೆ, ಕೊಡಲಾ?’ ಎಂದರು.

ಅಷ್ಟರಲ್ಲಿ ನಮ್ಮ ಭಾವಮೈದ ಬೆಳಗಿನ ತಿಂಡಿಯನ್ನೆಲ್ಲ ಸಮುದ್ರಕ್ಕೆ ಒಪ್ಪಿಸಿ, ತಾನು ಇಳಿಯುವುದಿಲ್ಲವೆಂದು ಬೋಟಿನಲ್ಲಿ ಅಡ್ಡಾಗಿದ್ದ. ಆದರೂ ಒಂದು ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದ. ‘ಬೇಡಮ್ಮ, ಇದು ಬರೀ ಓದೋಕೆ’ ಎಂದೆ. ಅಂಗಡಿಗೆ ಬರುವ ಎಷ್ಟೋ ಗಿರಾಕಿಗಳು ನನಗೆ ಹೇಳುವ ಸುಳ್ಳು ಅದು. ಅಂಥವರಿಗೆ ನಾನು ಬೈಯದೇ ಬಿಟ್ಟಿದ್ದಿಲ್ಲ.

‘ರೀ...’ ಎಂದಳು ಹೆಂಡತಿ.

‘ನೀನ್ ಸುಮ್ನಿರು. ನೀರೊಳಗೆ ಎಲ್ಲಾ ದೊಡ್ಡದಾಗೇ ಕಾಣುತ್ತೆ’ ಎಂದೆ. ಅದು ವಿಜ್ಞಾನ. ಮಸುಕು ದೊಡ್ಡದಾದರೆ ದೊಡ್ಡ ಮಸುಕಾಗುತ್ತದೆ ಎನ್ನುವುದೂ ವಿಜ್ಞಾನವೇ, ಅದು ನೆನಪಾಗಲಿಲ್ಲ.

ಇಳಿದೆವು. ಆ ಹೆಂಗಸು ಹಿಂದಿನಿಂದ ನನ್ನ ಸಿಲಿಂಡರ್ ಹಿಡಿದಿದ್ದರು. ಹೆಂಡತಿಯನ್ನು ತಂಡದ ಇನ್ನೊಬ್ಬರು ಹಿಡಿದಿದ್ದರು. ಕಿವಿ ನೋಯಿತು, ಮೂಗು ಹಿಡಿದು ಊದಿದೆ, ಸರಿಹೋಯಿತು. ಸುತ್ತ ಹಸಿರು. ಆ ಹಸಿರಿನೊಳಗೆ ಕಂದು ಬಣ್ಣದ, ಬೆಟ್ಟದಂಥದ್ದೇನೋ ಇತ್ತು. ಅದೇ ಹಡಗಿರಬೇಕು. ಹಳದಿಯದೇನೋ ಹಾದುಹೋಯಿತು, ಮೀನೋ ಹೆಂಡತಿಯ ಕಾಲಿಗೆ ಕಟ್ಟಿದ ರಬ್ಬರ್ ರೆಕ್ಕೆಯೋ ತಿಳಿಯಲಿಲ್ಲ. ಮುಖದ ಮುಂದೆ ಒಂದು ಕೈ ಬಂದು ಏನೋ ಕೇಳಿತು. ಎಷ್ಟು ಬೆರಳು ಎತ್ತಿದ್ದರೋ ದೇವರಿಗೇ ಗೊತ್ತು. ನಾನು ಎಲ್ಲದಕ್ಕೂ ಸೊನ್ನೆ ತೋರಿಸಿದೆ.

ನಾಚಿಕೆಯೂ ಹೊಟ್ಟೆಯುರಿಯೂ ಒಟ್ಟಿಗೇ ಆಯಿತು. ಇಷ್ಟು ದೂರ ಬಂದು ಕುರುಡನ ಹಾಗೆ ತೇಲುತ್ತಿದ್ದೇನಲ್ಲ ಎನಿಸಿ, ಕಾಲು ಬಡಿದು ಆ ಕಂದು ಬೆಟ್ಟದತ್ತಲೇ ನುಗ್ಗಿದೆ. ಮಾಸ್ಕ್ ಇನ್ನೇನು ಕಬ್ಬಿಣಕ್ಕೆ ತಾಗಬೇಕು, ಆಗ ಎಲ್ಲವೂ ಸ್ಪಷ್ಟವಾಯಿತು. ಮೈನಸ್ ಕಣ್ಣಿನವರಿಗೆ ಗೇಣಿನೊಳಗಿನದು ಚೆನ್ನಾಗಿಯೇ ಕಾಣುತ್ತದೆ. ತುಕ್ಕಿನ ಪದರ ಪದರ, ಅದರ ಮೇಲೆ ಕಲ್ಲಿನಂತೆ ಗಟ್ಟಿಯಾದ ಪುಟ್ಟ ಚಿಪ್ಪುಗಳು, ಒಂದೊಂದರ ಬಾಯಿಂದಲೂ ಗರಿಯಂಥದ್ದು ಹೊರಬಂದು ನೀರನ್ನು ಬಾಚಿ ಒಳಹೋಗುತ್ತಿತ್ತು. ಒಂದು ಸಣ್ಣ ತೂತಿನಿಂದ ಮೀನೊಂದು ತಲೆ ಹೊರಗೆ ಹಾಕಿತು. ನನ್ನ ಕಿರುಬೆರಳ ಉಗುರಿಗಿಂತ ಚಿಕ್ಕ ತಲೆ. ಒಳಗೆ ಹೋಯಿತು, ಮತ್ತೆ ಬಂದು ನನ್ನನ್ನೇ ನೋಡಿತು. ನಾನು ಉಸಿರಾಡುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಭಯ, ಭಾವಮೈದ, ಎಲ್ಲ ಮರೆತೇಹೋಯಿತು.

ಹಿಂದಿನಿಂದ ಎಳೆದರು. ಬಿಡಿಸಿಕೊಂಡು ಮತ್ತೆ ಹೋಗಿ ಅಂಟಿಕೊಂಡೆ. ಮತ್ತೆ ಎಳೆದರು. ಹೀಗೇ ಸಮಯ ಮುಗಿಯಿತು.

ಬೋಟಿನಲ್ಲಿ ಭಾವಮೈದ ಎದ್ದು ಕೂತಿದ್ದ. ‘ಹೆಂಗಿತ್ತು ಭಾವ?’

‘ಅಬ್ಬಬ್ಬಾ! ಎಷ್ಟ್ ದೊಡ್ಡದು ಅಂತೀಯಾ. ಕಿಟಕಿ, ಮೆಟ್ಲು, ಕ್ಯಾಪ್ಟನ್ ತಿರುಗ್ಸೋ ಚಕ್ರ, ಎಲ್ಲಾ ಹಂಗಂಗೇ ಐತೆ’ ಎಂದೆ. ಕಾರವಾರದ ಹೆಂಗಸು ನನ್ನನ್ನು ಒಂದು ಕ್ಷಣ ದಿಟ್ಟಿಸಿ, ಹಗ್ಗ ಸುತ್ತತೊಡಗಿದರು.

ತಂಡದವರು ನೀರಿನೊಳಗೂ ವಿಡಿಯೋ ಮಾಡಿ ಕೊಡುತ್ತಾರೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಊರಿಗೆ ಬಂದ ಮುಂದಿನ ಭಾನುವಾರ ಭಾವಮೈದ ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಮನೆಗೆ ಬಂದು ಅದನ್ನು ಟಿವಿಗೆ ಹಾಕಿದ. ಹಡಗು ಇಡಿಯಾಗಿ ಕಂಡಿತು. ಮುರಿದುಬಿದ್ದ ಕಬ್ಬಿಣದ ಹಾಳೆಗಳು. ಚಕ್ರವೂ ಇಲ್ಲ, ಮೆಟ್ಟಿಲೂ ಇಲ್ಲ. ಮೊದಲ ಸಲ ನೀರಿಗಿಳಿದ ನನ್ನ ಹೆಂಡತಿ ಆರಾಮವಾಗಿ ತೇಲುತ್ತಿದ್ದಳು. ಮೂಲೆಯಲ್ಲಿ ಒಬ್ಬ ದೊಡ್ಡ ಹೊಟ್ಟೆಯ ಮನುಷ್ಯ ತುಕ್ಕಿಗೆ ಮೂಗು ಒತ್ತಿ, ಕಾಲು ಮೇಲೆ ಮಾಡಿಕೊಂಡು ಒದೆಯುತ್ತಿದ್ದ.

‘ಭಾವ, ಅಲ್ಲೇನ್ ರೇಟ್ ಸ್ಟಿಕ್ಕರ್ ಹುಡುಕ್ತಿದ್ರಾ?’

ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ‘ಏನೂ ಕಾಣ್ಲಿಲ್ಲ ಕಣೋ’ ಎಂದು ಒಪ್ಪಿಕೊಂಡೆ. ಅವನು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ. ಅದೇ ವಿಡಿಯೋವನ್ನು ಇನ್ನೆರಡು ಸಲ ಹಾಕಿ ನೋಡಿ, ಊಟ ಮುಗಿಸಿ ಗುಬ್ಬಿಗೆ ಹೊರಟ.

ಅವನು ಹೋದ ಮೇಲೆ ಹೆಂಡತಿ ಅವರೆಕಾಯಿ ಸುಲಿಯಲು ಕೂತಳು. ‘ಹಡಗನ್ನ ನಾನೂ ಸರಿಯಾಗ್ ನೋಡ್ಲಿಲ್ಲ ಬಿಡಿ’ ಎಂದಳು.

‘ಯಾಕೆ, ನಿನ್ ಕಣ್ಣು ಸರಿಯಿದ್ವಲ್ಲ?’

‘ನೀವು ಎಲ್ಲಿ ಹೋಗಿ ತಲೆ ಹೊಡ್ಕೊತೀರೋ ಅಂತ ನಿಮ್ಮನ್ನೇ ನೋಡ್ತಾ ಇದ್ದೆ. ಅಷ್ಟೊತ್ತು ಏನ್ರೀ ಮಾಡ್ತಿದ್ರಿ ಅಲ್ಲಿ?’

ನಾನೂ ಪಕ್ಕದಲ್ಲಿ ಕೂತು ಒಂದು ಹಿಡಿ ಕಾಯಿ ಎತ್ತಿಕೊಂಡು, ತೂತಿನೊಳಗಿನ ಮೀನಿನ ವಿಷಯ ಹೇಳಿದೆ. ಅವಳು ನಗಲಿಲ್ಲ. ಅದರ ಬಣ್ಣ ಕೇಳಿದಳು. ಕಣ್ಣು ಎಷ್ಟು ದೊಡ್ಡದಿತ್ತು ಎಂದು ಕೇಳಿದಳು.

ಸಾಸಿವೆಯಷ್ಟು, ಎಂದೆ.